ಡ್ರಮ್ಸ್ ಇಲ್ಲದ ಟೇಕ್

ಮನುಕುಲವನ್ನು ಕಾಡಿದ ಗಹನವಾದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ತಕ್ಕ ಗಾಂಭೀರ್ಯದಿಂದ ನಿವೇದಿಸಬೇಕಾಗಿದೆ. ನಮ್ಮ ಅಪ್ಪಂದಿರು ಹುಡುಗರಾಗಿದ್ದ ಕಾಲದಲ್ಲಿ, ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ, ಮೂವರು ಕೂಡಿ ನುಡಿಸಿದ ಜಾಝ್ ರೆಕಾರ್ಡೊಂದಿದೆ. ಅದರ ಎರಡನೇ ಮಗ್ಗುಲಿನ ಮೊದಲ ಟ್ಯೂನಿನಲ್ಲಿ ಡ್ರಮ್ಸ್ ಬಾರಿಸುವವನು ಇದ್ದನೋ, ಇಲ್ಲ ಕಾಫಿ ಕುಡಿಯಲು ಎದ್ದು ಹೋಗಿದ್ದನೋ?

ಈ ಪ್ರಶ್ನೆಯ ಸಲುವಾಗಿ ಊರೂರುಗಳ ನೂರಾರು ಮಂದಿ ಊಟ ನಿದ್ದೆ ಬಿಟ್ಟರು ಎಂದರೆ ಅದು ಉತ್ಪ್ರೇಕ್ಷೆ. ಊಟ ಯಾರೂ ಬಿಡಲಿಲ್ಲ. ಆದರೆ ಇಂಟರ್ನೆಟ್ಟಿನ ಒಂದು ಮೂಲೆಯಲ್ಲಿ ಅವರೆಲ್ಲ ಸೇರುತ್ತಿದ್ದ ಕೂಟದಲ್ಲಿ ವಾರಗಟ್ಟಲೆ ಬೇರೆ ಮಾತು ನಡೆಯಲಿಲ್ಲ.

ಕೂಟಕ್ಕೆ ಎರಡು ಕೋಣೆಗಳಿದ್ದವು. ಒಂದರ ಹೆಸರು ಕೇಳ್ಮನೆ. ಅಲ್ಲಿ ರೆಕಾರ್ಡುಗಳ ಮಾತು ಮಾತ್ರ. ಇನ್ನೊಂದು ಹರಟೆಕಟ್ಟೆ; ಯುದ್ಧ, ಚುನಾವಣೆ, ಬೆಲೆಯೇರಿಕೆ, ಎಲ್ಲ ಅಲ್ಲಿ. ಒಂದರ ಕೊಳೆ ಇನ್ನೊಂದಕ್ಕೆ ಹತ್ತಬಾರದೆಂಬುದು ನಿಯಮ. ಆದರೂ ದೇಶದ ಬಜೆಟ್ಟಿನ ಮೇಲೆ ಜಗಳವಾದರೆ ಟ್ರಂಪೆಟ್ ಪಕ್ಷದವರು ಒಂದು ಕಡೆ, ಸ್ಯಾಕ್ಸೊಫೋನ್ ಪಕ್ಷದವರು ಒಂದು ಕಡೆ ಆಗುತ್ತಿದ್ದುದನ್ನು ಯಾವ ನಿಯಮದಿಂದಲೂ ತಡೆಯಲಾಗಿರಲಿಲ್ಲ.

ನಿಯಮಗಳನ್ನು ಮಾಡಿದವರು ಇಬ್ಬರು. ಒಬ್ಬ ಚಾಳೀಸು. ಇದು ಕೂಟದಲ್ಲಿ ಅವನಿಟ್ಟುಕೊಂಡ ಹೆಸರು. ಹೊರಗೆ ಬಸ್ ಡಿಪೋದ ಎದುರಿಗೆ ಅವನದೊಂದು ಕನ್ನಡಕದ ಅಂಗಡಿ. ಇನ್ನೊಬ್ಬರು ಕೊನೇ ಬಸ್ಸು. ಸಾರಿಗೆ ಇಲಾಖೆಯಲ್ಲಿ ವೇಳಾಪಟ್ಟಿ ಬರೆದು ನಿವೃತ್ತರಾದವರು. ಊರಿನ ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕೆಂದು ಜೀವಮಾನವಿಡೀ ಬರೆದರು; ಬಸ್ಸುಗಳು ಅದನ್ನು ಓದಲಿಲ್ಲ ಎಂಬುದು ಬೇರೆ ಮಾತು. ಕೂಟದವರಿಗೆ ಗೊತ್ತಿಲ್ಲದಿದ್ದ ಸಂಗತಿಯೆಂದರೆ, ಈ ಕೊನೇ ಬಸ್ಸು ಚಾಳೀಸಿನ ಸ್ವಂತ ಅಕ್ಕನ ಗಂಡ.

ಅಕ್ಕನ ಮದುವೆಯಾದಾಗ ಚಾಳೀಸು ಇನ್ನೂ ಶಾಲೆಯಲ್ಲಿದ್ದ. ಹೊಸ ಭಾವ ತಮ್ಮ ಮನೆಗೆ ಬಂದ ಪುಟ್ಟ ಭಾಮೈದನಿಗೆ ಮಿಠಾಯಿ ಕೊಡಲಿಲ್ಲ, ತಲೆಗೆ ಹೆಡ್‌ಫೋನ್ ಹಾಕಿ ಕೂರಿಸಿದರು. "ಎಡಗಡೆ ಬಾಸ್, ಅಂದ್ರೆ ಆ ಆಳೆತ್ತರದ ತಂತಿವಾದ್ಯ; ಬಲಗಡೆ ಡ್ರಮ್ಸ್, ನಡುವೆ ಪಿಯಾನೊ. ಆ ಕಾಲದ ಸ್ಟೀರಿಯೊ ಹಾಗೇ ಕಣೋ, ಒಬ್ಬೊಬ್ಬರನ್ನ ಒಂದೊಂದು ಮೂಲೆಗೆ ನಿಲ್ಲಿಸ್ತಿದ್ರು. ನೀನು ಮೂವರ ನಡುವೆ ಕೂತಿದೀಯ. ಮಾತಾಡಬೇಡ," ಎಂದರು. ಅವನು ಮಾತಾಡಲಿಲ್ಲ. ಅಂದಿನಿಂದ ಅವನ ಕಿವಿ ಭಾವನ ಕಿವಿಯೇ ಆಯಿತು. ಅಪ್ಪ ಕಲಿಸಿದ್ದನ್ನೂ ಮೇಷ್ಟ್ರು ಕಲಿಸಿದ್ದನ್ನೂ ಮರೆತವನು ಭಾವ ಕಲಿಸಿದ್ದನ್ನು ಮರೆಯಲಿಲ್ಲ. ಮರೆಯದೆ ಅವರ ಮೇಲೆಯೇ ಪ್ರಯೋಗಿಸಿದ.

ಜಗಳಕ್ಕೆ ಕಾರಣ ಬಸ್ ಚಾಲಕರ ಮುಷ್ಕರ. ಚಾಲಕರು ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಲು ಚಾಳೀಸಿನ ಅಂಗಡಿಗೇ ಬರುವವರು. ಎರಡು ಪಾಳಿ ಒಟ್ಟಿಗೆ ಮಾಡಿ ಕೆಂಪಾದ ಆ ಕಣ್ಣುಗಳನ್ನು ಅವನು ಹತ್ತಿರದಿಂದ ಕಂಡಿದ್ದ. ಹರಟೆಕಟ್ಟೆಯಲ್ಲಿ ಅವರ ಪರವಾಗಿ ಬರೆದ. ಭಾವನಿಗೆ ಸಿಟ್ಟು ಬಂತು. ತಾವು ಬರೆದ ವೇಳಾಪಟ್ಟಿಯೇ ಚಾಲಕರನ್ನು ಸಾಯಿಸುತ್ತಿದೆ ಎಂದು ಭಾಮೈದ ಊರಿಗೆಲ್ಲ ಸಾರಿದಂತೆ ಅವರಿಗೆ ಕಂಡಿತು. ಅದು ಅಷ್ಟೇನೂ ತಪ್ಪು ಓದಲ್ಲ. ಮಾತಿಗೆ ಮಾತು ಬೆಳೆದು ಇಬ್ಬರೂ ಫೋನು ನಿಲ್ಲಿಸಿದರು. ಭಾನುವಾರದ ಭೇಟಿ ನಿಂತಿತು. ಬಸ್ಸಿಲ್ಲ ಎಂಬುದು ಇಬ್ಬರಿಗೂ ಅನುಕೂಲವಾದ ನೆಪವಾಯಿತು.

ಹೀಗಿರುವಾಗ ಭಾವನಿಗೆ ಅಂಚೆಯಲ್ಲಿ ಆ ರೆಕಾರ್ಡ್ ಬಂತು. ಕೆಲವೇ ನೂರು ಪ್ರತಿ ಒತ್ತಿಸಿ ಬಾಗಿಲು ಹಾಕಿದ ಕಂಪನಿಯದು. ಚಾಳೀಸಿನ ಬಳಿ ಒಂದು ಪ್ರತಿ ಹಿಂದಿನಿಂದಲೂ ಇತ್ತು; ಎರಡನೇ ಮಗ್ಗುಲಿನ ಡ್ರಮ್ಸಿನ ಬಗ್ಗೆ ಅವನು ಕೂಟದಲ್ಲಿ ಒಮ್ಮೆ ಹೊಗಳಿ ಹೊಗಳಿ ಬರೆದಿದ್ದ. ಭಾವನಿಗೆ ಸಿಕ್ಕಿದ್ದು ನಡುವಿನ ಚೀಟಿಯ ಬಣ್ಣ ಬೇರೆಯಾಗಿದ್ದ, ಬೇರೆ ಸಲ ಒತ್ತಿಸಿದ ಪ್ರತಿ. ಮೂರೇ ದಿನದಲ್ಲಿ ಅವರು ಕೇಳ್ಮನೆಯಲ್ಲಿ ಬರೆದರು:

"ಗೆಳೆಯರೇ, ಈ ಪ್ರತಿಯಲ್ಲಿ ಡ್ರಮ್ಸ್ ಇಲ್ಲ. ಪಿಯಾನೊ, ಬಾಸ್ ಇಬ್ಬರೇ. ಇದು ಅದೇ ಟ್ಯೂನನ್ನು ಬೇರೆ ಸಲ ನುಡಿಸಿ ರೆಕಾರ್ಡ್ ಮಾಡಿದ್ದು, ಯಾರಿಗೂ ಗೊತ್ತಿಲ್ಲದ ಇನ್ನೊಂದು ಟೇಕ್. ಕಂಡವರ ಹಕ್ಕನ್ನು ಕೋರುತ್ತೇನೆ."

ಓದುಗರನ್ನು ಸತಾಯಿಸುವುದರಲ್ಲಿ ಅರ್ಥವಿಲ್ಲ. ಡ್ರಮ್ಸ್ ಇತ್ತು. ಇಲ್ಲವಾಗಿದ್ದುದು ಭಾವನ ಬಲಗಿವಿ.

ರೆಕಾರ್ಡ್ ಬಂದ ವಾರವೇ ಅವರಿಗೆ ನೆಗಡಿಯಾಗಿತ್ತು. ಒಂದು ಬೆಳಿಗ್ಗೆ ಏಳುವಾಗ ಬಲಗಿವಿಗೆ ಹತ್ತಿ ತುರುಕಿದ ಹಾಗಿತ್ತು. ಮೂಗು ಕಟ್ಟಿದೆ, ಕಿವಿಯೂ ಕಟ್ಟಿದೆ, ನೆಗಡಿ ಇಳಿದರೆ ಎರಡೂ ಬಿಡುತ್ತವೆ ಎಂದುಕೊಂಡರು. ಮೂಗು ಬಿಟ್ಟಿತು. ಅಷ್ಟು ಹೊತ್ತಿಗೆ ಅವರು ಕಿವಿಯನ್ನು ಮರೆತು ಸಂಶೋಧನೆಗೆ ಇಳಿದಿದ್ದರು. ಹೀಗೆ ಏಕಾಏಕಿ ಹೋದ ಕಿವಿಯನ್ನು ಬೇಗ ವೈದ್ಯರಿಗೆ ತೋರಿಸಿದರೆ ಎಷ್ಟೋ ಸಲ ಮರಳಿ ಪಡೆಯಬಹುದು. ತಡವಾದರೆ ಅದು ಹೋದದ್ದೇ. ಇದು ಅವರಿಗೆ ಗೊತ್ತಿರಲಿಲ್ಲ.

ಸ್ಪೀಕರಿನಲ್ಲಿ ಕೇಳಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು. ಆದರೆ ಮನೆಯ ನಡುಕೋಣೆಯಲ್ಲಿ ಅಕ್ಕ ನೆರೆಹೊರೆಯ ಮಕ್ಕಳಿಗೆ ಗಣಿತದ ಪಾಠ ಹೇಳಿಕೊಡುತ್ತಿದ್ದಳು. ಭಾವನ ಸಂಗೀತಕ್ಕೆ ಹೆಡ್‌ಫೋನೇ ಗತಿ. ಬೇರೆ ರೆಕಾರ್ಡ್ ಹಾಕಿ ನೋಡಿದ್ದರೂ ತಿಳಿಯುತ್ತಿತ್ತು. ಆದರೆ ಹೊಸ ಪ್ರತಿ ಮನೆಗೆ ಬಂದರೆ ಒಂದು ತಿಂಗಳು ಬೇರೇನನ್ನೂ ಕೇಳಬಾರದು, ಕಿವಿ ಎಂಜಲಾಗುತ್ತದೆ ಎಂಬುದು ಅವರ ವ್ರತ. ಇನ್ನು ಕೂಟದವರು ಆ ಟ್ಯೂನನ್ನು ತಮಗೂ ಕೇಳಿಸಿ ಎಂದಿದ್ದರೆ? ಅದಕ್ಕೆ ಕಂಡವರ ಹಕ್ಕು ಅಡ್ಡ ಬಂತು. ಹೊಸ ಟೇಕ್ ಕಂಡವರು ಅದರ ಬಗ್ಗೆ ಬರೆದು ಮುಗಿಸುವ ತನಕ ಯಾರೂ ಪುರಾವೆ ಕೇಳಕೂಡದು. ಆ ನಿಯಮವನ್ನು ಮಾಡಿದವನು ಚಾಳೀಸು. ತಾನು ಏನಾದರೂ ಕಂಡಾಗ ಅನುಕೂಲವಾಗಲಿ ಎಂದು ಮಾಡಿದ್ದ, ಏನೂ ಕಂಡಿರಲಿಲ್ಲ.

ಕೂಟ ಎರಡಾಯಿತು. ಲೈಬ್ರರಿಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಹಿರಿಯರೊಬ್ಬರು, "ಕೊನೇ ಬಸ್ಸಿನವರ ಕಿವಿಗೆ ಸಾಟಿಯಿಲ್ಲ, ಅವರು ಇಲ್ಲ ಅಂದಮೇಲೆ ಇಲ್ಲ," ಎಂದು ಬರೆದರು. ಹಲ್ಲಿನ ಡಾಕ್ಟರೊಬ್ಬರು, "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನೀವು," ಎಂದು ಮೂದಲಿಸಿದರು. ಇಬ್ಬರ ನಡುವೆ ಮೂರು ದಿನ ನಡೆದ ವಾಗ್ವಾದದಲ್ಲಿ ರೆಕಾರ್ಡನ್ನು ಕೇಳಿದ್ದವರು ಯಾರೂ ಇರಲಿಲ್ಲ.

ಚಾಳೀಸು ಅದನ್ನೆಲ್ಲ ಓದಿ ಉರಿದ. ತಾನು ಹೊಗಳಿದ ಡ್ರಮ್ಮರನ್ನೇ ಭಾವ ಎತ್ತಿ ಆಚೆ ಹಾಕಿದ್ದಾರೆ ಎಂದರೆ ಅದು ತನ್ನ ಮೇಲಿನ ಸೇಡು ಎಂದುಕೊಂಡ. ಇದೇ ಹೊತ್ತಿಗೆ ಮುಷ್ಕರದ ದೊಡ್ಡ ಮೆರವಣಿಗೆಯೊಂದು ಭಾವನ ಬೀದಿಯಲ್ಲೇ ಹಾದುಹೋಯಿತು. ಮಧ್ಯಾಹ್ನ ಎಡಮಗ್ಗುಲಾಗಿ ಮಲಗುವುದು ಭಾವನ ಅಭ್ಯಾಸ. ಕೇಳುವ ಕಿವಿ ದಿಂಬಿನಲ್ಲಿ ಹುಗಿದಿತ್ತು. ಎದ್ದು ಕಾಫಿ ಕುಡಿದು ಅವರು ಹರಟೆಕಟ್ಟೆಯಲ್ಲಿ ಬರೆದರು: "ಮೆರವಣಿಗೆ ಭಾರಿಯಾಗಿತ್ತು ಅಂತ ಎಲ್ಲರೂ ಬರೀತಿದ್ದಾರೆ. ನಮ್ಮ ಕಿಟಕಿಯ ಕೆಳಗೇ ಹೋಯ್ತಂತೆ. ನನಗಂತೂ ಏನೂ ಕೇಳಿಸಲಿಲ್ಲ."

ಇಂಥ ಅವಕಾಶ ಬಾಳಿನಲ್ಲಿ ಒಮ್ಮೆ ಬರುತ್ತದೆ. ಚಾಳೀಸು ಅಂಗಡಿಯ ಗಲ್ಲಾದ ಹಿಂದೆ ನಿಂತೇ ಬರೆದ: "ಸಾವಿರ ಜನರ ಕೂಗು ಕೇಳಿಸದ ಕಿವಿಗೆ ಒಬ್ಬ ಡ್ರಮ್ಮರ್ ಎಲ್ಲಿ ಕೇಳಿಸಬೇಕು? ಆ ಬಡಪಾಯಿಯೂ ಅವತ್ತು ಮುಷ್ಕರ ಹೂಡಿದ್ದನೇನೋ."

ಕೂಟ ಬಿದ್ದು ಬಿದ್ದು ನಕ್ಕಿತು. ಟ್ರಂಪೆಟ್ಟಿನವರೂ ನಕ್ಕರು, ಸ್ಯಾಕ್ಸೊಫೋನಿನವರೂ ನಕ್ಕರು. ಹಲ್ಲಿನ ಡಾಕ್ಟರು ಆ ಮಾತನ್ನು ಚೌಕಟ್ಟು ಹಾಕಿಸಿ ಕೇಳ್ಮನೆಯ ತಲೆಬಾಗಿಲಿಗೆ ತೂಗುಹಾಕಬೇಕೆಂದರು, ಹಾಕಿಯೂ ಹಾಕಿದರು. ಎರಡು ಕೋಣೆಗಳ ಕೊಳೆ ಒಂದಕ್ಕೊಂದು ಹತ್ತಬಾರದೆಂಬ ನಿಯಮ ಯಾರಿಗೂ ನೆನಪಾಗಲಿಲ್ಲ, ಅದನ್ನು ಮಾಡಿದವನಿಗೂ.

ಭಾವ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು, ನಗುವವರು ನಗಲಿ ಎಂಬ ಹಿರಿಯರ ಧಾಟಿಯಲ್ಲಿ, ತಾವು ಬರೆಯುತ್ತಿರುವ ಪ್ರಬಂಧದ ಒಂದು ತುಣುಕನ್ನು ಕೇಳ್ಮನೆಯಲ್ಲಿ ಹಾಕಿದರು. ಚಾಳೀಸು ಅದನ್ನು ಓದಿದ್ದು ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. ಕೊನೆಯಲ್ಲಿ ಹೀಗಿತ್ತು:

"ಡ್ರಮ್ಸ್ ಇರಬೇಕಾದ ಬಲಬದಿ ಪೂರ್ತಿ ಬರಿದಲ್ಲ. ಅಲ್ಲಿ ಸಣ್ಣಗೆ ಗುಂಯ್ ಎನ್ನುವ ಒಂದು ಸದ್ದಿದೆ. ಖಾಲಿ ಟೇಪಿನ ಸದ್ದಿರಬೇಕು. ವಿಚಿತ್ರವೆಂದರೆ ಸೂಜಿ ಎತ್ತಿದ ಮೇಲೂ ಅದು ನಿಲ್ಲುವುದಿಲ್ಲ. ನನ್ನ ಆಂಪ್ಲಿಫೈಯರನ್ನು ರಿಪೇರಿಗೆ ಕೊಡಬೇಕು."

ಚಾಳೀಸು ಇನ್ನೊಮ್ಮೆ ಓದಿದ. ಸೂಜಿ ಎತ್ತಿದ ಮೇಲೂ ನಿಲ್ಲುವುದಿಲ್ಲ.

ಆಗಲೇ ಒಬ್ಬ ಚಾಲಕ ಒಳಗೆ ಬಂದ. ಮುಷ್ಕರದ ಬಿಡುವಿನಲ್ಲಿ ಕಣ್ಣು ತೋರಿಸಿಕೊಂಡುಬಿಡೋಣ ಅಂತ ಬಂದೆ ಎಂದ. ಚಾಳೀಸು ಅವನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿನ ಹಲಗೆಯ ಅಕ್ಷರಗಳನ್ನು ಓದಿಸಿದ. ಕೊನೆಯ ಸಾಲಿನ ತನಕ ಸರಾಗವಾಗಿ ಬಂತು.

"ಈಗ ಬಲಗಣ್ಣು ಮುಚ್ಚಿಕೊಳ್ಳಿ."

ಚಾಲಕ ಅಂಗೈಯಿಂದ ಮುಚ್ಚಿಕೊಂಡ. ಓದಲಿಲ್ಲ. "ಹಲಗೆ ತೆಗೆದುಬಿಟ್ರಾ?" ಎಂದ.

"ಅಲ್ಲೇ ಇದೆ. ಎಡಗಣ್ಣಲ್ಲಿ ಪೊರೆ ಬಂದಿದೆ. ಎಷ್ಟು ದಿನದಿಂದ ಹೀಗೆ?"

"ನಂಗೇನ್ರೀ ಗೊತ್ತು. ನಿನ್ನೇವರೆಗೂ ಎಲ್ಲ ಕಾಣ್ತಿತ್ತು."

ಎಲ್ಲರೂ ಹೇಳುವುದು ಅದೇ. ಒಂದು ಕಣ್ಣು ಕೆಟ್ಟರೆ ಇನ್ನೊಂದು ಕಣ್ಣು ಒಳ್ಳೆಯ ಸಂಸಾರಸ್ಥನ ಹಾಗೆ ಮಾನ ಮುಚ್ಚುತ್ತದೆ, ಮನೆಯ ಯಜಮಾನನಿಗೆ ಸುದ್ದಿಯೇ ತಲುಪುವುದಿಲ್ಲ. ಒಳ್ಳೆಯದನ್ನು ಮುಚ್ಚಿದಾಗಲೇ ಕೆಟ್ಟದ್ದು ಗೊತ್ತಾಗುವುದು. ಈ ಮಾತನ್ನು ಚಾಳೀಸು ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುತ್ತಿದ್ದ. ಅಂದು ಚಾಲಕನಿಗೆ ಹೇಳುತ್ತಿರುವಾಗ ಅವನಿಗೇ ಹೊಳೆಯಿತು: ಸೂಜಿ ಎತ್ತಿದ ಮೇಲೂ ನಿಲ್ಲದ ಸದ್ದು ರೆಕಾರ್ಡಿನದಲ್ಲ, ಭಾವನ ಕಿವಿಯದೇ ಇರಬೇಕು.

ಚಾಲಕನಿಗೆ ಕಣ್ಣಾಸ್ಪತ್ರೆಯ ವಿಳಾಸ ಕೊಟ್ಟು ಕಳಿಸಿ, ಅವನು ಕೂಟವನ್ನು ತೆರೆದು ಬರೆದ: "ಭಾವ, ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಂಡು ಒಮ್ಮೆ ಕೇಳಿ."

ಕಳಿಸುವ ಗುಂಡಿಯನ್ನು ಒತ್ತುವುದಷ್ಟೇ ಬಾಕಿ. ಒತ್ತಲಿಲ್ಲ.

ತಿರುಗಿಸಿ ಹಾಕಿದಾಗಲೂ ಡ್ರಮ್ಸ್ ಕೇಳಿಸದೆ ಹೋದರೆ, ಭಾವ ಗೆದ್ದರು. ಡ್ರಮ್ಸ್ ಇಲ್ಲದ ಟೇಕ್ ಇದೆ ಎಂದಾಯಿತು, ತಾನು ಕೂಟದ ಮುಂದೆ ನಗೆಪಾಟಲು. ಕೇಳಿಸಿದರೆ, ಭಾವ ಕಿವುಡರು. ಕೂಟವೆಲ್ಲ ಮೆಚ್ಚಿ ತೂಗುಹಾಕಿದ ಮಾತು ಕಿವುಡನ ಮುಂದೆ ಮಾಡಿದ ಕುಚೋದ್ಯವಾಗಿ ಉಳಿಯುತ್ತದೆ. ಅಲ್ಲದೆ, ಬರೆಯುವ ಭರದಲ್ಲಿ 'ಭಾವ' ಎಂದು ಬೇರೆ ಬಂದುಬಿಟ್ಟಿತ್ತು. ಅದನ್ನು ಅಳಿಸಿದ. ಅಳಿಸುತ್ತಾ ಹೋದವನು ಉಳಿದದ್ದನ್ನೂ ಅಳಿಸಿದ. ತಾನು ಕಣ್ಣಿನವನು, ಕಿವಿಯ ಉಸಾಬರಿ ತನಗೇಕೆ? ಮನೆಯಲ್ಲಿ ಅಕ್ಕ ಇದ್ದಾಳೆ, ಅವಳಿಗೆ ತಿಳಿಯದೆ ಇರುತ್ತದೆಯೇ? ಫೋನಂತೂ ಮೇಜಿನ ಮೇಲೇ ಇತ್ತು. ಆದರೆ ಮೊದಲು ಫೋನ್ ಮಾಡಿದವನು ಸೋತ ಹಾಗೆ. ಭಾನುವಾರ ಖುದ್ದಾಗಿ ಹೋಗಿ ಹೇಳಿದರಾಯಿತು ಎಂದುಕೊಂಡ.

ಭಾನುವಾರ ಬಂತು. ಬಸ್ಸಿರಲಿಲ್ಲ. ನಡೆದು ಹೋಗಬಹುದಾದಷ್ಟೇ ದೂರ. ಅಂದು ಬೆಳಿಗ್ಗೆ ಹಲ್ಲಿನ ಡಾಕ್ಟರು ಅವನ ಮಾತನ್ನು ಇನ್ನೊಂದು ಕೂಟದವರೂ ಎತ್ತಿ ಆಡುತ್ತಿದ್ದಾರೆಂದು ಸುದ್ದಿ ತಂದರು. ಅವನು ಮನೆಯಲ್ಲೇ ಕುಳಿತು ಅದನ್ನು ಓದಿದ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಆ ವಾರ ಯಾವ ನೆಪವೂ ಬೇಕಾಗಲಿಲ್ಲ.

ಅಕ್ಕನಿಗೆ ತಿಳಿಯದೆ ಇದ್ದುದಕ್ಕೆ ಕಾರಣವಿತ್ತು. ಬಲಗಡೆಯಿಂದ ಕರೆದರೆ ಗಂಡ ತಿರುಗುತ್ತಿರಲಿಲ್ಲ; ಭಾಮೈದನ ಮೇಲಿನ ಸಿಟ್ಟನ್ನು ತನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ಅವಳೂ ಮುಖ ಗಂಟಿಕ್ಕಿದಳು. ಎರಡು ವಾರ ಇಬ್ಬರೂ ಮೌನಗೌರಿಗಳಾಗಿದ್ದರು. ಕೊನೆಗೆ ಯಾರದೋ ಫೋನು ಬಂದಾಗ ಅವಳೇ ಅದನ್ನು ತಂದು ಭಾವನ ಬಲಗಿವಿಗೆ ಹಿಡಿದಳು. ಅವರು ಸ್ವಲ್ಪ ಹೊತ್ತು ಆಲಿಸಿ, "ಯಾರೂ ಇಲ್ಲ ಇದರಲ್ಲಿ," ಎಂದರು. ಆಚೆ ಕಡೆಯವರು ಹಲೋ ಹಲೋ ಎನ್ನುವುದು ಮೊಳ ದೂರದಲ್ಲಿ ನಿಂತ ಅಕ್ಕನಿಗೆ ಕೇಳಿಸುತ್ತಿತ್ತು.

ಕಿವಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇದು ಯಾವತ್ತಿನಿಂದ ಎಂದು. "ರೆಕಾರ್ಡ್ ಬಂದಾಗಿನಿಂದ," ಎಂದರು ಭಾವ. ವೈದ್ಯರಿಗೆ ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಹೇಳಿದಳು. ವೈದ್ಯರು ಪೆನ್ನು ಕೆಳಗಿಟ್ಟರು.

ಅಕ್ಕ ಫೋನ್ ಮಾಡಿ ಸುದ್ದಿ ತಿಳಿಸಿದ ದಿನ ಚಾಳೀಸು ಅಂಗಡಿಗೆ ಬೀಗ ಹಾಕಿ ನಡೆದೇ ಹೋದ. ಭಾವ ಕಿಟಕಿಯ ಬಳಿ ತಮ್ಮ ಕುರ್ಚಿಯಲ್ಲಿದ್ದರು. ಹೆಡ್‌ಫೋನ್ ಕೊರಳಲ್ಲಿ ಜೋತಾಡುತ್ತಿತ್ತು.

"ಬಾರೋ. ಆ ಕಡೆ ಕೂತ್ಕೋಬೇಡ, ಈ ಕಡೆ ಬಾ. ಅಲ್ಲಿ ಕೂತರೆ ಗೋಡೆ ಹತ್ರ ಮಾತಾಡಿದ ಹಾಗೆ."

"ಡಾಕ್ಟರು ಏನಂದ್ರು, ಭಾವ?"

"ಒಳ್ಳೆಯವರು ಪಾಪ. ಗಾಜಿನ ಗೂಡಲ್ಲಿ ಕೂರಿಸಿ ಟಿಂಯ್ ಟಿಂಯ್ ಅಂತ ಏನೇನೋ ಕೇಳಿಸಿದ್ರು. ಕೇಳಿಸಿದ್ರಂತೆ. ಔಷಧ ಕೊಟ್ಟಿದ್ದಾರೆ. ಆದರೆ ಆಸೆ ಇಟ್ಕೋಬೇಡಿ ಅಂತಲೂ ಅದರ ಜೊತೇಲೇ ಕೊಟ್ಟಿದ್ದಾರೆ. ಶುರುವಿಗೇ ಬರಬೇಕಿತ್ತಂತೆ."

ಭಾವ ಹೆಡ್‌ಫೋನನ್ನು ಬೆರಳಿನಿಂದ ತಟ್ಟಿದರು.

"ಮನೆಗೆ ಬಂದ ತಕ್ಷಣ ಇದನ್ನ ತಿರುಗಿಸಿ ಹಾಕ್ಕೊಂಡೆ. ಇದ್ದಾನೆ ಕಣೋ. ಮೊದಲಿಂದ ಕೊನೇವರೆಗೂ ಕೂತಿದ್ದಾನೆ. ಕೋಲಲ್ಲ, ತಂತಿ ಬ್ರಶ್ಶಲ್ಲಿ ಡ್ರಮ್ಮಿನ ಮೈ ಎಷ್ಟು ನಯವಾಗಿ ಒರೆಸ್ತಾನೆ, ನೀನು ಬರೆದಿದ್ದೆಯಲ್ಲ, ಸರಿಯಾಗೇ ಬರೆದಿದ್ದೆ. ಅಂಥವನನ್ನ ನಾನು ಕಾಫಿಗೆ ಕಳಿಸಿಬಿಟ್ಟಿದ್ದೆ."

"ಹೋಗಲಿ ಬಿಡಿ, ಭಾವ."

"ಹಾಗಾದ್ರೆ ಆ ಟೇಕ್ ಇಲ್ಲ ಅಂತಾಯ್ತು," ಎಂದರು ಭಾವ, ದೂರದ ಬಂಧುವೊಬ್ಬರು ತೀರಿಕೊಂಡ ಸುದ್ದಿ ಹೇಳುವವರಂತೆ. ಕಿವಿ ಹೋದದ್ದನ್ನು ಹೇಳುವಾಗ ಅವರ ದನಿ ಇಷ್ಟು ಇಳಿದಿರಲಿಲ್ಲ. "ಇಬ್ಬರೇ ಎಷ್ಟು ಚೆನ್ನಾಗಿ ನುಡಿಸಿದ್ರು ಅಂತೀಯ. ಪ್ರಬಂಧ ಮುಗಿದಿತ್ತು. ಓದ್ತೀಯಾ? ಓದಿ ಹರಿದುಹಾಕು."

ಚಾಳೀಸು ಅಲ್ಲೇ ಓದಿದ. ಡ್ರಮ್ಸ್ ಇಲ್ಲದ ಕಡೆ ಬಾಸಿನವನು ತಾಳವನ್ನು ಹೇಗೆ ಒಬ್ಬನೇ ಹೊರುತ್ತಾನೆ, ನಡುವೆ ಒಂದು ಕಡೆ ಅವನು ಉಸಿರು ಎಳೆದುಕೊಳ್ಳುವುದು ಹೇಗೆ ಕೇಳಿಸುತ್ತದೆ, ದಪ್ಪ ತಂತಿಯೊಂದು ಸಡಿಲಗೊಂಡು ಮರಕ್ಕೆ ತಾಗುವುದನ್ನು ಅವನು ಮರೆಮಾಚದೆ ಹೇಗೆ ಹಾಡಿನೊಳಗೆ ಸೇರಿಸಿಕೊಳ್ಳುತ್ತಾನೆ ಎಂದೆಲ್ಲ ಬರೆದಿದ್ದರು. ಆ ಉಸಿರನ್ನಾಗಲಿ ತಂತಿಯನ್ನಾಗಲಿ ಚಾಳೀಸು ಎಂದೂ ಕೇಳಿಸಿಕೊಂಡಿರಲಿಲ್ಲ. ಡ್ರಮ್ಸಿನ ಮೇಲೇ ಕಿವಿ ಇತ್ತು. ಭಾವ ಈ ತನಕ ಬರೆದದ್ದರಲ್ಲೆಲ್ಲ ಇದೇ ಮೇಲು. ಹಾಳೆಗಳನ್ನು ಹರಿಯದೆ ಮಡಚಿ ಪಕ್ಕಕ್ಕಿಟ್ಟ.

"ನಿನ್ನ ಆ ಮಾತು ಚೆನ್ನಾಗಿತ್ತು," ಎಂದರು ಭಾವ. "ಡ್ರಮ್ಮರ್ ಮುಷ್ಕರ ಹೂಡಿದ್ದು. ನನಗೂ ನಗು ಬಂತು. ನಿನ್ನಕ್ಕನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ."

ಅಕ್ಕ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಚಾಳೀಸು ಹೋಗಿ ಬಕೆಟ್ಟಿನಿಂದ ಒಂದೊಂದೇ ಎತ್ತಿಕೊಡತೊಡಗಿದ. ಚಿಕ್ಕಂದಿನಲ್ಲಿ ಅದು ಅವನ ಕೆಲಸವಾಗಿತ್ತು.

"ಆ ಗುಂಯ್ ಅನ್ನೋ ಸದ್ದಿನ ವಿಷಯ ಬರೆದಿದ್ರಂತಲ್ಲ," ಎಂದಳು ಅಕ್ಕ, ಅವನ ಕಡೆ ನೋಡದೆ. "ಡಾಕ್ಟರ ಮುಂದೆ ಹೇಳಿದ್ರು. ಸೂಜಿ ಎತ್ತಿದ ಮೇಲೂ ಬರ್ತಿತ್ತು ಅಂತ. ಅಲ್ಲಿ ಅಷ್ಟು ಜನ ಓದಿದ್ರಲ್ಲ, ಒಬ್ಬರಿಗೂ ಹೊಳೀಲಿಲ್ವೇನೋ?"

ಯಾರಿಗೂ ಹೊಳೆಯಲಿಲ್ಲ ಎಂದುಬಿಡಬಹುದಿತ್ತು. ಅಕ್ಕನ ಮುಂದೆ ಅವನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ, ಹೇಳಿದಾಗಲೆಲ್ಲ ಸಿಕ್ಕಿಬಿದ್ದಿದ್ದ.

"ನನಗೆ ಅನುಮಾನ ಬಂದಿತ್ತು."

"ಯಾವಾಗ?"

"ಓದಿದ ದಿನವೇ."

ಅಕ್ಕ ಒಂದು ಅಂಗಿಯನ್ನು ಕೊಡವಿ ತಂತಿಯ ಮೇಲೆ ಹಾಕಿದಳು. ತೋಳುಗಳನ್ನು ಎಳೆದು ನೇರ ಮಾಡಿದಳು.

"ಅವತ್ತೇ ಹೇಳಿದ್ರೆ?"

"ಅವತ್ತೇ ಹೇಳಿದ್ರೆ ಹೊತ್ತು ಮೀರಿರಲಿಲ್ಲ."

"ಯಾಕೆ ಹೇಳಲಿಲ್ಲ?"

ಎಲ್ಲರೂ ನಗುತ್ತಿದ್ದರು ಅಕ್ಕ, ಎಂಬುದೇ ಅದಕ್ಕೆ ನಿಜವಾದ ಉತ್ತರ. ಅದರ ಬದಲು ಅವನು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ತಾನೇ ಬಗ್ಗಿ ಬೇರೊಂದನ್ನು ಎತ್ತಿಕೊಂಡಳು.

"ಅವರಿಗೆ ಇದನ್ನ ಹೇಳಬೇಡ," ಎಂದಳು. "ನಿನ್ನ ಕಂಡ್ರೆ ಅವರಿಗೆ ಇಷ್ಟ."

ಮುಷ್ಕರ ಮುಗಿಯಿತು. ಚಾಲಕರಿಗೆ ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಭಾವ ಕೇಳ್ಮನೆಯಲ್ಲಿ, "ಡ್ರಮ್ಸ್ ಇದೆ, ತಪ್ಪು ನನ್ನದು, ಕಂಡವರ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ," ಎಂದಷ್ಟೇ ಬರೆದರು; ಕಾರಣ ಬರೆಯಲಿಲ್ಲ. ಲೈಬ್ರರಿಯಮ್ಮ ಬೇಸರಪಟ್ಟುಕೊಂಡು ಒಂದು ವಾರ ಕೂಟಕ್ಕೆ ಬರಲಿಲ್ಲ. ಭಾನುವಾರದ ಭೇಟಿ ಮತ್ತೆ ಶುರುವಾಯಿತು. ಚಾಳೀಸು ಹೋದಾಗಲೆಲ್ಲ ಅಕ್ಕನಿಗೆ, ಭಾನುವಾರವಾದರೂ, ಯಾವುದಾದರೂ ಪಾಠ ಇರುತ್ತದೆ. ಭಾವನ ಬಲಗಿವಿ ಬರಲಿಲ್ಲ.